ಸರ್ಕ್ಯೂಟ್ ಬೋರ್ಡಿನ ಚಿನ್ನ: ಆಮ್ಲದ ಬಕೆಟ್ಟಿನ ಬದಲು ವಿದ್ಯುತ್ ತೊಟ್ಟಿ ಸಾಧ್ಯವೇ?

ಕೆಜಿಎಫ್ ಮೇಷ್ಟ್ರು
ಎಲ್ಲರಿಗೂ ನಮಸ್ಕಾರ. ನಾನು ಕೆಜಿಎಫ್‌ನಲ್ಲಿ ಪಿಯುಸಿ ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿಕೊಡುತ್ತೇನೆ. ಕಳೆದ ತಿಂಗಳು ಪ್ರಯೋಗಾಲಯದಲ್ಲಿ ಒಬ್ಬ ವಿದ್ಯಾರ್ಥಿಯ ಬೆರಳ ತುದಿಗಳು ಅರಿಶಿನ ಹಚ್ಚಿದಂತೆ ಹಳದಿಯಾಗಿರುವುದನ್ನು ಕಂಡೆ. ಪ್ರೋಟೀನ್ ಪರೀಕ್ಷೆಯಲ್ಲಿ ನೈಟ್ರಿಕ್ ಆಮ್ಲ ಹಾಕಿದಾಗ ಮೂಡುವ ಹಳದಿ ಅದು. ತೊಳೆದರೆ ಹೋಗುವುದಿಲ್ಲ, ಚರ್ಮ ಸುಲಿದ ಮೇಲೆಯೇ ಹೋಗುತ್ತದೆ. ವಿಚಾರಿಸಿದಾಗ, ರಜಾದಿನಗಳಲ್ಲಿ ಸಂಬಂಧಿಕರ ಶೆಡ್ಡಿನಲ್ಲಿ ಹಳೆಯ ಕಂಪ್ಯೂಟರ್ ಬೋರ್ಡುಗಳನ್ನು ಆಮ್ಲದಲ್ಲಿ ಅದ್ದಿ ಚಿನ್ನ ತೆಗೆಯುವ ಕೆಲಸಕ್ಕೆ ಹೋಗುತ್ತಿರುವುದಾಗಿ ಹೇಳಿದ. ಪ್ಲಾಸ್ಟಿಕ್ ಬಕೆಟ್ಟು, ಅದರಿಂದ ಏಳುವ ಕಂದು ಹೊಗೆ, ಕೊನೆಗೆ ಉಳಿದ ನೀರು ಹಿಂದಿನ ಹಳ್ಳಕ್ಕೆ.

ನಮ್ಮ ತಂದೆಯವರು ಗಣಿಯ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು, ಆದರೆ ಸೈನೈಡ್ ದಿಬ್ಬಗಳು, ಅಂದರೆ ಚಿನ್ನ ತೆಗೆದ ಮೇಲೆ ಉಳಿದ ಅದಿರಿನ ಪುಡಿಯ ರಾಶಿಗಳು, ಹಾಗೆಯೇ ಉಳಿದಿವೆ. ಗಾಳಿ ಬೀಸುವ ತಿಂಗಳುಗಳಲ್ಲಿ ಅವುಗಳ ಬಿಳಿ ಧೂಳು ಒಣಹಾಕಿದ ಬಟ್ಟೆಯ ಮೇಲೂ ಮುಚ್ಚಳವಿಲ್ಲದ ಪಾತ್ರೆಯ ಮೇಲೂ ಬಂದು ಕೂರುತ್ತದೆ. ಚಿನ್ನ ತೆಗೆದವರು ಹೋದ ಮೇಲೆ ಅದರ ಕಸದೊಂದಿಗೆ ಬದುಕುವುದು ಏನೆಂಬುದು ನಮ್ಮ ಊರಿಗೆ ಚೆನ್ನಾಗಿ ಗೊತ್ತಿದೆ. ಆದ್ದರಿಂದ ಕೇಳುತ್ತಿದ್ದೇನೆ: ವಿದ್ಯುದ್ರಾಸಾಯನಿಕ ವಿಧಾನದಿಂದ, ಅಂದರೆ ಅಕ್ವಾ ರೀಜಿಯಾವಾಗಲಿ (ನೈಟ್ರಿಕ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲಗಳ ಮಿಶ್ರಣ) ಸೈನೈಡಾಗಲಿ ಇಲ್ಲದೆ, ಬೋರ್ಡುಗಳಿಂದ ಚಿನ್ನ ತೆಗೆಯುವ ಸಣ್ಣ ಘಟಕವನ್ನು ನಮ್ಮಂತಹ ಊರಿನಲ್ಲಿ ನಡೆಸಲು ಸಾಧ್ಯವೇ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಲೋಹವಿದ್ಯಾರ್ಥಿನಿ
ಮೇಷ್ಟ್ರೇ, ಮೊದಲು ಆ ಹುಡುಗನನ್ನು ಆ ಕೆಲಸದಿಂದ ಬಿಡಿಸಿ. ಕಂದು ಹೊಗೆ ನೈಟ್ರೋಜನ್ ಡೈಆಕ್ಸೈಡ್. ಉಸಿರಿಗೆಳೆದುಕೊಂಡಾಗ ಕೆಮ್ಮು ಬಂದು ನಿಂತಂತಾಗಿ, ಎಷ್ಟೋ ಗಂಟೆಗಳ ನಂತರ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುವುದುಂಟು.

ಇನ್ನು ನಿಮ್ಮ ಪ್ರಶ್ನೆಗೆ ಬರುತ್ತೇನೆ. ಒಂದು ಟನ್ ಕಂಪ್ಯೂಟರ್ ಬೋರ್ಡಿನಲ್ಲಿ ಚಿನ್ನ ಇನ್ನೂರರಿಂದ ಮುನ್ನೂರು ಗ್ರಾಂ ಇರುತ್ತದೆ. ನಿಮ್ಮ ಗಣಿ ಮುಚ್ಚುವ ಹೊತ್ತಿಗೆ ಟನ್ ಅದಿರಿಗೆ ಮೂರು ಗ್ರಾಂ ಆಸುಪಾಸಿನಲ್ಲಿತ್ತು. ಎಲ್ಲರೂ ಈ ಹೋಲಿಕೆಯನ್ನು ಹೇಳಿ ನಿಲ್ಲಿಸುತ್ತಾರೆ. ಆದರೆ ಅದೇ ಟನ್ನಿನಲ್ಲಿ ತಾಮ್ರವೇ ಸುಮಾರು 200 ಕಿಲೋ ಇದೆ, ಜೊತೆಗೆ ತವರ, ಸೀಸ, ನಿಕ್ಕಲ್, ಕಬ್ಬಿಣ, ಸತು ಇವೆ. ಬಕೆಟ್ಟಿನಲ್ಲಿ ಆಮ್ಲ ಸುರಿಯುವವರು ಕಾಲು ಕಿಲೋ ಚಿನ್ನಕ್ಕಾಗಿ ಈ ಎಲ್ಲವನ್ನೂ ಕರಗಿಸಿ ಹಳ್ಳಕ್ಕೆ ಬಿಡುತ್ತಾರೆ. ಅಂದರೆ ನಿಜವಾದ ಕೆಲಸವಿರುವುದು ಚಿನ್ನದ ಮೇಲಲ್ಲ, ತಾಮ್ರದ ಮೇಲೆ.

ವಿದ್ಯುತ್ತಿನ ದಾರಿಯಲ್ಲಿ ನನಗೆ ಅತ್ಯಂತ ಹಿಡಿಸಿರುವುದು ಕಬ್ಬಿಣದ ಚಕ್ರ. ತಾಮ್ರದ ಪ್ರಮಾಣಿತ ವಿಭವ (ಅದರ ಅಯಾನು ಎಲೆಕ್ಟ್ರಾನನ್ನು ಸೆಳೆಯುವ ಶಕ್ತಿಯ ಅಳತೆ) 0.34 ವೋಲ್ಟ್, ಕಬ್ಬಿಣದ ಫೆರಿಕ್ ಅಯಾನಿನದು 0.77, ಚಿನ್ನದ್ದು 1.5. ಆದ್ದರಿಂದ ತೆಳು ಸಲ್ಫ್ಯೂರಿಕ್ ಆಮ್ಲದಲ್ಲಿರುವ ಫೆರಿಕ್ ಸಲ್ಫೇಟಿಗೆ ತಾಮ್ರವನ್ನು ಕರಗಿಸುವ ಶಕ್ತಿಯಿದೆ, ಚಿನ್ನವನ್ನು ಮುಟ್ಟುವ ಶಕ್ತಿಯಿಲ್ಲ. ತಾಮ್ರ ಕರಗಿದಾಗ ಫೆರಿಕ್ ಒಂದು ಎಲೆಕ್ಟ್ರಾನ್ ಪಡೆದು ಫೆರಸ್ ಆಗುತ್ತದೆ. ಅದನ್ನು ಆನೋಡಿಗೆ (ತೊಟ್ಟಿಯ ಧನ ತುದಿ) ಹರಿಸಿದರೆ ಮತ್ತೆ ಫೆರಿಕ್ ಆಗಿ ಕೆಲಸಕ್ಕೆ ಮರಳುತ್ತದೆ, ಅದೇ ಹೊತ್ತಿಗೆ ಕ್ಯಾಥೋಡಿನಲ್ಲಿ (ಋಣ ತುದಿ) ತಾಮ್ರ ಕೂರುತ್ತದೆ. ಕಬ್ಬಿಣ ಖರ್ಚಾಗುವುದಿಲ್ಲ, ಗಾಣದೆತ್ತಿನಂತೆ ಸುತ್ತುತ್ತಿರುತ್ತದೆ. ಖರ್ಚಾಗುವುದು ಮುಖ್ಯವಾಗಿ ವಿದ್ಯುತ್ತು. ಅಮೆರಿಕದ ಐಡಾಹೊ ರಾಷ್ಟ್ರೀಯ ಪ್ರಯೋಗಾಲಯದವರು ಈ ಮಾದರಿಯ ಮೇಲೆ ಕೆಲಸ ಮಾಡಿ ವಿವರವಾಗಿ ಪ್ರಕಟಿಸಿದ್ದಾರೆ. ತಾಮ್ರವೆಲ್ಲ ಹೋದ ಮೇಲೆ ಚಿನ್ನ ಕರಗದೆ ಹಾಳೆಯಾಗಿಯೇ ಉಳಿಯುತ್ತದೆ.

ಎಸ್‌ಪಿ ರಸ್ತೆ ಗುಜರಿ
ವಿದ್ಯುತ್ ಬಿಲ್ಲು ಎಷ್ಟಾಗುತ್ತದೆ ಎಂಬುದನ್ನು ಯಾರೂ ಬರೆಯುವುದಿಲ್ಲ. ಅದನ್ನು ಹೇಳಿ.

ಲೋಹವಿದ್ಯಾರ್ಥಿನಿ
ಲೆಕ್ಕ ಸರಳವಾಗಿದೆ, ಫ್ಯಾರಡೆಯ ನಿಯಮವೇ ಸಾಕು. ಒಂದು ಆಂಪಿಯರ್ ಒಂದು ಗಂಟೆ ಹರಿದರೆ 1.19 ಗ್ರಾಂ ತಾಮ್ರ ಕೂರುತ್ತದೆ. 200 ಕಿಲೋಗೆ ಸುಮಾರು 1,69,000 ಆಂಪಿಯರ್-ಗಂಟೆ ಬೇಕು. ತೊಟ್ಟಿಗೆ ಎರಡು ವೋಲ್ಟ್ ಹಿಡಿದರೆ 340 ಯೂನಿಟ್ ಆಸುಪಾಸು ಬರುತ್ತದೆ. ಚಿನ್ನವನ್ನೂ ಕೊನೆಗೆ ಕರಗಿಸಿ ಕ್ಯಾಥೋಡಿನಲ್ಲಿ ಕೂರಿಸುವುದಾದರೆ ಒಂದು ಆಂಪಿಯರ್-ಗಂಟೆಗೆ 2.45 ಗ್ರಾಂ, ಆದ್ದರಿಂದ 250 ಗ್ರಾಂ ಚಿನ್ನಕ್ಕೆ ಅದೇ ಎರಡು ವೋಲ್ಟಿನಲ್ಲಿ ಒಂದು ಯೂನಿಟ್ಟಿನ ಐದನೇ ಒಂದು ಪಾಲು ಸಾಕು. ವಿದ್ಯುತ್ತು ತಿನ್ನುವುದೆಲ್ಲ ತಾಮ್ರವೇ. ಪಂಪು, ಬಿಸಿ ಮಾಡುವುದು, ಪುಡಿ ಮಾಡುವ ಯಂತ್ರ ಇವು ಬೇರೆ.

ನಗರ್ತಪೇಟೆ ಅಕ್ಕಸಾಲಿ
ಮೂರು ತಲೆಮಾರಿನಿಂದ ಚಿನ್ನದ ಕೆಲಸ ಮಾಡುತ್ತಿರುವ ಮನೆತನ ನಮ್ಮದು. ಇದನ್ನು ಹೊಸ ವಿಷಯವೆಂಬಂತೆ ಬರೆಯುತ್ತಿರುವುದಕ್ಕೆ ನನ್ನ ಆಕ್ಷೇಪಣೆ ಇದೆ. ಗಿಲೀಟು ಹಾಕುವುದೆಂದರೆ ಕ್ಯಾಥೋಡಿಗೆ ಆಭರಣ ಕಟ್ಟುವುದು, ಗಿಲೀಟು ಬಿಡಿಸುವುದೆಂದರೆ ತಂತಿಗಳನ್ನು ಅದಲುಬದಲು ಮಾಡುವುದು. ಇದು ನಮ್ಮ ಬೀದಿಯ ಹುಡುಗರಿಗೂ ಗೊತ್ತು. ಜರ್ಮನಿಯ ವೋಲ್ವಿಲ್ 1874ರಲ್ಲಿಯೇ ವಿದ್ಯುತ್ತಿನಿಂದ ಚಿನ್ನವನ್ನು ಅಪರಂಜಿ ಮಾಡುವ ಕ್ರಮವನ್ನು ಕಂಡುಹಿಡಿದರು. ತಾಮ್ರದ ದೊಡ್ಡ ಕಾರ್ಖಾನೆಗಳಲ್ಲಿ ಆನೋಡಿನ ಕೆಳಗೆ ಕೂರುವ ಕಪ್ಪು ಕೆಸರಿನಿಂದ ಚಿನ್ನ ಬೆಳ್ಳಿ ತೆಗೆಯುವುದು ನೂರು ವರ್ಷಕ್ಕೂ ಹಳೆಯ ರೂಢಿ.

ನಮ್ಮ ಅಂಗಡಿಗಳ ಮುಂದಿನ ಚರಂಡಿಯ ಮಣ್ಣನ್ನು ಜಾಲಿಸಿ ಚಿನ್ನದ ಕಣ ಹೆಕ್ಕಿ ಬದುಕುವವರು ಇಂದಿಗೂ ಇದ್ದಾರೆ. ಕಸದಿಂದ ಚಿನ್ನ ತೆಗೆಯುವುದು ಈ ನಾಡಿನವರಿಗೆ ಯಾರೂ ಹೇಳಿಕೊಡಬೇಕಾದ ವಿದ್ಯೆಯಲ್ಲ. ಹೇಳಿಕೊಡಬೇಕಾದದ್ದು ಉಳಿದ ನೀರನ್ನು ಏನು ಮಾಡಬೇಕೆಂಬುದು.

ಲೋಹವಿದ್ಯಾರ್ಥಿನಿ
ಅಣ್ಣ, ತಮ್ಮ ಮಾತು ಬಹುಪಾಲು ಒಪ್ಪುತ್ತೇನೆ, ಒಂದು ತಿದ್ದುಪಡಿ ಮಾತ್ರ. ವೋಲ್ವಿಲ್ ಕ್ರಮದಲ್ಲಿ ಆನೋಡ್ ಆಗಲೇ ನೂರಕ್ಕೆ ತೊಂಬತ್ತೈದು ಪಾಲು ಚಿನ್ನವಿರುವ ಗಟ್ಟಿಯಾಗಿರುತ್ತದೆ. ಬೋರ್ಡಿನಲ್ಲಿ ಚಿನ್ನವು ನಿಕ್ಕಲ್ ಪದರದ ಮೇಲೆ ಒಂದು ಮೈಕ್ರಾನಿಗಿಂತ ತೆಳುವಾಗಿ ಬಳಿದದ್ದು, ಇಲ್ಲವೇ ಚಿಪ್‌ನೊಳಗೆ ಕೂದಲಿಗಿಂತ ಸಣ್ಣ ತಂತಿಯಾಗಿರುವುದು. ತುಂಡು ತುಂಡಾಗಿ ಚದುರಿದ ಲೋಹಕ್ಕೆ ತಂತಿ ಕಟ್ಟಲಾಗುವುದಿಲ್ಲ. ಅದಕ್ಕೇ ನಡುವೆ ಫೆರಿಕ್ಕಿನಂತಹ ಮಧ್ಯವರ್ತಿ ಬೇಕಾಗುವುದು. ಹೊಸದಿರುವುದು ಅಲ್ಲಿ.

ನಗರ್ತಪೇಟೆ ಅಕ್ಕಸಾಲಿ
ಈಗ ಅರ್ಥವಾಯಿತು. ಒಪ್ಪಿದೆ.

ನಿವೃತ್ತ ಪರಿಸರ ಎಂಜಿನಿಯರ್
ಮೂವತ್ತು ವರ್ಷ ಕಾರ್ಖಾನೆಗಳ ಕೊಳಚೆ ನೀರಿನ ಕೆಲಸ ಮಾಡಿದ್ದೇನೆ. ವಿದ್ಯುತ್ತು ಬಳಸಿದ ಮಾತ್ರಕ್ಕೆ ಒಂದು ವಿಧಾನವನ್ನು ಹಸಿರು ಎಂದು ಕರೆಯುವುದನ್ನು ನಾನು ಒಪ್ಪುವುದಿಲ್ಲ. ತೊಟ್ಟಿಯಲ್ಲಿ ಕಬ್ಬಿಣ ಸುತ್ತುತ್ತದೆ ಎಂದಿರಿ, ಸರಿ. ನಿಕ್ಕಲ್ ಎಲ್ಲಿಗೆ ಹೋಯಿತು? ಅದು ಕ್ಯಾಥೋಡಿನಲ್ಲಿ ಸುಲಭವಾಗಿ ಕೂರುವುದಿಲ್ಲ, ಸತುವಂತೂ ಇಲ್ಲವೇ ಇಲ್ಲ. ಎರಡೂ ದ್ರಾವಣದಲ್ಲಿ ಸೇರುತ್ತಲೇ ಹೋಗುತ್ತವೆ. ಬೆಸುಗೆಯ ಸೀಸ ಸಲ್ಫೇಟಾಗಿ ಬಿಳಿ ಕೆಸರಿನಂತೆ ತಳಕ್ಕಿಳಿದು ಚಿನ್ನದ ಜೊತೆಯಲ್ಲೇ ಕೂರುತ್ತದೆ. ಕೆಲವು ಸುತ್ತುಗಳಾದ ಮೇಲೆ ಸ್ವಲ್ಪ ದ್ರಾವಣವನ್ನು ಹೊರತೆಗೆದು ಹೊಸದು ಸೇರಿಸಲೇಬೇಕು. ಹಾಗೆ ಹೊರಬಂದದ್ದಕ್ಕೆ ಸುಣ್ಣ ಹಾಕಿ ಲೋಹಗಳನ್ನು ಕೆಸರಾಗಿ ತಳಕ್ಕಿಳಿಸಿ, ಆ ಕೆಸರನ್ನು ಅಪಾಯಕಾರಿ ತ್ಯಾಜ್ಯದ ಭರ್ತಿ ಜಾಗಕ್ಕೆ ಲೆಕ್ಕವಿಟ್ಟು ಕಳಿಸಬೇಕು. ಲೋಹವೆಲ್ಲ ಹೋದ ಮೇಲೆ ಉಳಿಯುವ ನಾರುಗಾಜಿನ ಹಲಗೆಯಲ್ಲಿ ಬೆಂಕಿ ತಡೆಯಲೆಂದು ಸೇರಿಸಿದ ಬ್ರೋಮಿನ್ ಸಂಯುಕ್ತಗಳಿರುತ್ತವೆ. ಅದನ್ನು ಯಾರಾದರೂ ಬಯಲಿನಲ್ಲಿ ಸುಟ್ಟರೆ ಡಯಾಕ್ಸಿನ್ ಜಾತಿಯ ವಿಷ ಹೊರಬರುತ್ತದೆ. ಸಣ್ಣ ಊರಿನ ಸಣ್ಣ ಘಟಕಕ್ಕೆ ಇವೆಲ್ಲ ಸಾಧ್ಯವೇ? ನನ್ನ ಉತ್ತರ ಇಲ್ಲ.

ಚಿನ್ನವನ್ನು ಕರಗಿಸುವ ಹಂತದ ಬಗ್ಗೆಯೂ ಒಂದು ಮಾತು. ಸೈನೈಡಿನ ಬದಲು ಥಯೋಯೂರಿಯಾ ಎನ್ನುತ್ತಾರೆ. ಫೆರಿಕ್ ಇರುವ ಅದೇ ಆಮ್ಲದಲ್ಲಿ ಚಿನ್ನವನ್ನು ಬೇಗ ಕರಗಿಸುತ್ತದೆ ನಿಜ, ಆದರೆ ಅದು ತಾನೇ ಆಕ್ಸಿಡೀಕರಣಗೊಂಡು ಹಾಳಾಗುತ್ತಿರುತ್ತದೆ, ಅದರ ಮೇಲೆ ಕ್ಯಾನ್ಸರಿನ ಅನುಮಾನವೂ ಇದೆ. ಥಯೋಸಲ್ಫೇಟ್ ಹೆಚ್ಚು ಸೌಮ್ಯ. ಅಮೆರಿಕದ ನೆವಾಡಾದಲ್ಲಿರುವ ಗೋಲ್ಡ್‌ಸ್ಟ್ರೈಕ್ ಗಣಿಯಲ್ಲಿ 2014ರಿಂದ ದೊಡ್ಡ ಪ್ರಮಾಣದಲ್ಲಿ ಬಳಸಿದರು. ಅದಕ್ಕೆ ಸಾಮಾನ್ಯವಾಗಿ ತಾಮ್ರವೂ ಅಮೋನಿಯಾವೂ ಜೊತೆಗಿರಬೇಕು, ಪ್ರಮಾಣ ಸ್ವಲ್ಪ ತಪ್ಪಿದರೂ ಥಯೋಸಲ್ಫೇಟೇ ಒಡೆಯುತ್ತದೆ.

ಲೋಹವಿದ್ಯಾರ್ಥಿನಿ
ಸರ್, ಅಯೋಡಿನ್ ಬಿಟ್ಟಿದ್ದೀರಿ. ಅಯೋಡೈಡ್ ದ್ರಾವಣದಲ್ಲಿ ಅಯೋಡಿನ್ ಚಿನ್ನವನ್ನು ಕರಗಿಸುತ್ತದೆ. ಕ್ಯಾಥೋಡಿನಲ್ಲಿ ಚಿನ್ನ ಕೂರುವಾಗಲೇ ಆನೋಡಿನಲ್ಲಿ ಅಯೋಡೈಡ್ ಮರಳಿ ಅಯೋಡಿನ್ ಆಗುತ್ತದೆ. ದುಬಾರಿಯಾದರೂ ತಿರುಗಿ ಬರುವ ವಸ್ತು. ಬ್ರಿಟನ್ನಿನ ಲೆಸ್ಟರ್ ವಿಶ್ವವಿದ್ಯಾಲಯದವರು ಕೋಲೀನ್ ಕ್ಲೋರೈಡಿಗೆ ಎಥಿಲೀನ್ ಗ್ಲೈಕಾಲ್ ಬೆರೆಸಿದ ದ್ರವದಲ್ಲಿ ಅಯೋಡಿನ್ ಹಾಕಿ ಇದನ್ನೇ ನೀರಿಲ್ಲದೆ ಮಾಡಿ ತೋರಿಸಿದ್ದಾರೆ. ಕೋಲೀನ್ ಕ್ಲೋರೈಡ್ ಕೋಳಿ ಆಹಾರಕ್ಕೆ ಸೇರಿಸುವ ವಸ್ತು, ಅಷ್ಟು ಸುರಕ್ಷಿತ. ದ್ರವ ಎಣ್ಣೆಯಂತೆ ಮಂದವಾಗಿರುವುದರಿಂದ ನಿಧಾನ ಎಂಬುದು ಅದರ ಕೊರತೆ.

ಕಾರ್ಡಿಫ್ ಕನ್ನಡತಿ
ನಾನಿರುವ ಊರಿನ ಹತ್ತಿರದ ಲಾಂಟ್ರಿಸಂಟ್ ಎಂಬಲ್ಲಿ ಬ್ರಿಟನ್ನಿನ ರಾಯಲ್ ಮಿಂಟ್ 2024ರಲ್ಲಿ ಇಂತಹದೇ ಕಾರ್ಖಾನೆಯನ್ನು ತೆರೆದಿದೆ. ವರ್ಷಕ್ಕೆ 4,000 ಟನ್ ಬೋರ್ಡುಗಳನ್ನು ಸಂಸ್ಕರಿಸುವ ಸಾಮರ್ಥ್ಯವಿದೆಯಂತೆ. ನಾಣ್ಯ ಹೊಡೆಯುವ ಕೆಲಸ ಕಡಿಮೆಯಾಗುತ್ತಿರುವುದರಿಂದ ಅಲ್ಲಿನ ಕೆಲಸಗಾರರಿಗೆ ಈ ಹೊಸ ವಿದ್ಯೆಯನ್ನು ಕಲಿಸಿ ಅದೇ ಆವರಣದಲ್ಲಿ ಉಳಿಸಿಕೊಂಡರು. ಗಣಿ ಮುಚ್ಚಿದಾಗ ಕೆಜಿಎಫ್‌ನವರಿಗೆ ಯಾರೂ ಹಾಗೆ ಮಾಡಲಿಲ್ಲವಲ್ಲ ಎಂದು ಅದನ್ನು ಓದಿದಾಗ ನನಗೆ ಸಂಕಟವಾಯಿತು.

ಲೋಹವಿದ್ಯಾರ್ಥಿನಿ
ಅಕ್ಕಾ, ಅವರದು ಕೋಣೆಯ ಉಷ್ಣತೆಯಲ್ಲಿ ನಡೆಯುವ ರಾಸಾಯನಿಕ ಕರಗಿಸುವಿಕೆ, ವಿದ್ಯುತ್ ತೊಟ್ಟಿಯದಲ್ಲ. ಕುಲುಮೆಗೆ ಹಾಕದೆ ಚಿನ್ನವನ್ನಷ್ಟೇ ಆರಿಸಿ ತೆಗೆಯುತ್ತಾರೆ ಎಂಬುದು ಮುಖ್ಯ.

ಹಾಸನದ ಓದುಗ
ಹಾಲು ಒಡೆದ ನೀರಿನ ಪ್ರೋಟೀನಿನಿಂದ ಸ್ಪಂಜು ಮಾಡಿ ಚಿನ್ನ ಹಿಡಿಯುತ್ತಾರೆಂದು ಓದಿದ್ದೆ. ಹೈನುಗಾರಿಕೆ ಇರುವ ನಮ್ಮ ಜಿಲ್ಲೆಗೆ ಅದೇ ಸೂಕ್ತವಲ್ಲವೇ?

ನಿವೃತ್ತ ಪರಿಸರ ಎಂಜಿನಿಯರ್
ಅದು ಜೂರಿಕ್‌ನ ಇಟಿಎಚ್ ಸಂಸ್ಥೆಯ ಕೆಲಸ, 2024ರಲ್ಲಿ ಬಂದದ್ದು. ಇಪ್ಪತ್ತು ಮದರ್‌ಬೋರ್ಡುಗಳಿಂದ 450 ಮಿಲಿಗ್ರಾಂ ತೂಕದ 22 ಕ್ಯಾರೆಟ್ ಗಟ್ಟಿ ತೆಗೆದರು. ಆದರೆ ಸ್ಪಂಜು ಹಿಡಿಯುವುದು ಕರಗಿದ ಚಿನ್ನವನ್ನು. ಅದಕ್ಕೆ ಮೊದಲು ಅವರೂ ಲೋಹದ ಭಾಗಗಳನ್ನು ಆಮ್ಲದಲ್ಲಿ ಕರಗಿಸಲೇಬೇಕಾಯಿತು. ಮೇಷ್ಟ್ರ ಹುಡುಗನ ಬೆರಳು ಹಳದಿಯಾಗುವುದು ಆ ಮೊದಲ ಹಂತದಲ್ಲೇ.

ತೀರ್ಥಹಳ್ಳಿ ತೋಟ
ಒಂದು ಪ್ರಶ್ನೆ. ತಾಮ್ರ ಕರಗಿದ ಆ ನೀಲಿ ನೀರು ಮೈಲುತುತ್ತವೇ ಅಲ್ಲವೇ? ಅಡಿಕೆಯ ಕೊಳೆರೋಗಕ್ಕೆ ಪ್ರತಿ ಮಳೆಗಾಲದಲ್ಲಿಯೂ ಬೋರ್ಡೋ ದ್ರಾವಣಕ್ಕಾಗಿ ಕಿಲೋಗಟ್ಟಲೆ ಕೊಳ್ಳುತ್ತೇವೆ. ಅದನ್ನು ಹರಳು ಮಾಡಿ ರೈತರಿಗೆ ಕೊಟ್ಟರೆ ವಿದ್ಯುತ್ತೇ ಬೇಕಾಗುವುದಿಲ್ಲವಲ್ಲ.

ನಿವೃತ್ತ ಪರಿಸರ ಎಂಜಿನಿಯರ್
ದಯವಿಟ್ಟು ಆ ಯೋಚನೆಯನ್ನೇ ಬಿಡಿ. ರಾಸಾಯನಿಕವಾಗಿ ಮೈಲುತುತ್ತವೇ ನಿಜ, ಆದರೆ ಅದರೊಳಗೆ ನಿಕ್ಕಲ್ ಇರುತ್ತದೆ, ಕಬ್ಬಿಣವಿರುತ್ತದೆ, ಹಳೆಯ ಬೋರ್ಡುಗಳಾದರೆ ಕ್ಯಾಡ್ಮಿಯಂ ಸಹ ಇರಬಹುದು. ತೋಟಕ್ಕೆ ವರ್ಷ ವರ್ಷವೂ ಹೊಡೆದರೆ ಮಣ್ಣಿಗೆ ಸೇರಿದ್ದು ಮಣ್ಣಿನಲ್ಲೇ ಉಳಿಯುತ್ತದೆ. ಕ್ಯಾಥೋಡಿನಲ್ಲಿ ತಾಮ್ರದ ತಗಡಾಗಿ ತೆಗೆದರೆ ಈ ಕಲ್ಮಶಗಳಿಂದ ಬೇರ್ಪಡುತ್ತದೆ. ವಿದ್ಯುತ್ ವಿಧಾನದ ದೊಡ್ಡ ಗುಣ ಇದೇ ಎಂದು ನಾನೂ ಒಪ್ಪುತ್ತೇನೆ.

ತೀರ್ಥಹಳ್ಳಿ ತೋಟ
ತಿಳಿಸಿದ್ದಕ್ಕೆ ಧನ್ಯವಾದ. ಯಾರಾದರೂ ಅಗ್ಗಕ್ಕೆ ತಂದರೆ ಕೊಳ್ಳಬಾರದೆಂದು ಸಂಘದಲ್ಲಿಯೂ ಹೇಳುತ್ತೇನೆ.

ಎಸ್‌ಪಿ ರಸ್ತೆ ಗುಜರಿ
ಎಲ್ಲರೂ ತೊಟ್ಟಿಯ ಬಗ್ಗೆಯೇ ಬರೆಯುತ್ತಿದ್ದೀರಿ, ತೊಟ್ಟಿಗೆ ಬೋರ್ಡು ಎಲ್ಲಿಂದ ಬರುತ್ತದೆಂದು ಯಾರೂ ಕೇಳಲಿಲ್ಲ. ಇಪ್ಪತ್ತೆರಡು ವರ್ಷದಿಂದ ಈ ವ್ಯಾಪಾರದಲ್ಲಿದ್ದೇನೆ. ಮನೆಮನೆಯಿಂದ, ಆಫೀಸಿನಿಂದ ಬರುವ ಮಾಲನ್ನು ನಮ್ಮ ಹುಡುಗರು ಸ್ಕ್ರೂಡ್ರೈವರ್ ಹಿಡಿದು ಬಿಡಿಸುತ್ತಾರೆ. ಹಸಿರು ಬೋರ್ಡು, ಕಂದು ಬೋರ್ಡು, ಮೊಬೈಲ್ ಬೋರ್ಡು, ರ‍್ಯಾಮ್, ಪ್ರೊಸೆಸರ್, ಹೀಗೆ ಬೇರೆ ಬೇರೆ ಚೀಲ. ಟಿವಿ, ಚಾರ್ಜರುಗಳ ಕಂದು ಬೋರ್ಡಿನಲ್ಲಿ ಚಿನ್ನ ಇಲ್ಲವೆಂದೇ ಹೇಳಬಹುದು. ರ‍್ಯಾಮ್ ಚೀಲವನ್ನು ನಾವು ಮೇಜಿನ ಕೆಳಗೆ ಇಟ್ಟುಕೊಳ್ಳುತ್ತೇವೆ. ಈ ವಿಂಗಡಣೆಯ ಕಣ್ಣು ಯಾವ ಯಂತ್ರಕ್ಕೂ ಇಲ್ಲ.

ಒಮ್ಮೆ ಪರವಾನಗಿ ಇರುವ ಒಂದು ಕಂಪನಿಗೆ ಒಂದೂವರೆ ಟನ್ ಬೋರ್ಡು ಕೊಟ್ಟೆ. ತೂಕ ಮಾಡಿ, ಮಾದರಿ ಪರೀಕ್ಷೆ ಮಾಡಿ ದರ ಹೇಳುತ್ತೇವೆ ಎಂದರು. ಮಾದರಿ ತೆಗೆಯುವಾಗ ನನ್ನನ್ನು ಒಳಗೆ ಬಿಡಲಿಲ್ಲ. ಹಣ ಬಂದದ್ದು ಎಪ್ಪತ್ತು ದಿನಕ್ಕೆ, ಅದೂ ಅವರು ಹೇಳಿದ ಲೆಕ್ಕಕ್ಕೆ. ಉತ್ತರ ಭಾರತಕ್ಕೆ ಮಾಲು ಒಯ್ಯುವವನು ಅದೇ ದಿನ ನಗದು ಎಣಿಸುತ್ತಾನೆ. ಅವನು ಒಯ್ದದ್ದು ಎಲ್ಲೋ ಸುಡುವವರ ಕೈ ಸೇರುತ್ತದೆಂದು ನನಗೆ ಗೊತ್ತು, ಗೊತ್ತಿದ್ದೂ ಕೊಟ್ಟಿದ್ದೇನೆ. ಹುಡುಗರಿಗೆ ಶನಿವಾರ ಬಟವಾಡೆ ಮಾಡಬೇಕಲ್ಲ.

ನಿವೃತ್ತ ಪರಿಸರ ಎಂಜಿನಿಯರ್
ತಾವು ಇದನ್ನು ಮುಚ್ಚಿಡದೆ ಬರೆದದ್ದು ದೊಡ್ಡದು. ಜಗತ್ತಿನಲ್ಲಿ 2022ರಲ್ಲಿ ಹುಟ್ಟಿದ 6.2 ಕೋಟಿ ಟನ್ ಇ-ತ್ಯಾಜ್ಯದಲ್ಲಿ ಲೆಕ್ಕಕ್ಕೆ ಸಿಕ್ಕಿ ಸರಿಯಾಗಿ ಮರುಬಳಕೆಯಾದದ್ದು 22.3 ಶೇಕಡಾ ಮಾತ್ರ ಎಂದು ವಿಶ್ವಸಂಸ್ಥೆಯ ವರದಿಯಲ್ಲಿದೆ. ಉಳಿದದ್ದರಲ್ಲಿ ಒಂದು ಪಾಲು ಹೀಗೆಯೇ ಹೋಗುತ್ತದೆ.

ನಿಯಮದಲ್ಲಿಯೂ ಒಂದು ಕೊರತೆಯಿದೆ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಮ್ಮ ಇ-ತ್ಯಾಜ್ಯ ನಿಯಮಗಳಡಿ ಮರುಬಳಕೆದಾರರಿಗೆ ಸಿಗುವ, ತಯಾರಕ ಕಂಪನಿಗಳಿಗೆ ಮಾರಬಹುದಾದ ಪ್ರಮಾಣಪತ್ರಗಳು ಚಿನ್ನ, ತಾಮ್ರ, ಕಬ್ಬಿಣ, ಅಲ್ಯುಮಿನಿಯಂ ಎಂಬ ನಾಲ್ಕು ಲೋಹಗಳಿಗೆ. ಬೆಳ್ಳಿ, ಪಲ್ಲಾಡಿಯಂ ತೆಗೆದವನಿಗೆ ಲೋಹದ ಬೆಲೆ ಸಿಗಬಹುದು, ಪ್ರಮಾಣಪತ್ರ ಸಿಗುವುದಿಲ್ಲ. ಹಳೆಯ ಬೋರ್ಡುಗಳ ಸಣ್ಣ ಸೆರಾಮಿಕ್ ಕೆಪಾಸಿಟರುಗಳಲ್ಲಿ ಪಲ್ಲಾಡಿಯಂ ಇದೆ.

ಕೆಜಿಎಫ್ ಮೇಷ್ಟ್ರು
ಹದಿನೈದು ದಿನ ಬರೆಯಲಾಗಲಿಲ್ಲ, ಕ್ಷಮಿಸಿ. ಪ್ರಯೋಗಾಲಯದ ಹೊಗೆ ಹೀರುವ ಗೂಡಿನೊಳಗೆ ಸಣ್ಣ ಪ್ರಮಾಣದಲ್ಲಿ ಮಾಡಿ ನೋಡಿದೆವು. ಹಳೆಯ ರ‍್ಯಾಮ್‌ಗಳ ಚಿನ್ನದ ಅಂಚನ್ನು ಕತ್ತರಿಸಿ, ತೆಳು ಸಲ್ಫ್ಯೂರಿಕ್ ಆಮ್ಲದ ಫೆರಿಕ್ ಸಲ್ಫೇಟಿನಲ್ಲಿ ಬಿಟ್ಟೆವು. ಕ್ಯಾಥೋಡನ್ನು ಬೇರ್ಪಡಿಸಲು ಪೊರೆ ಕೊಳ್ಳುವ ಶಕ್ತಿಯಿರಲಿಲ್ಲ; ಸಂತೆಯಿಂದ ಬಣ್ಣ ಬಳಿಯದ ಮಣ್ಣಿನ ಕುಡಿಕೆ ತಂದು ಅದರೊಳಗೆ ತಾಮ್ರದ ಪಟ್ಟಿ ಇಟ್ಟೆವು, ಹೊರಗೆ ಗ್ರಾಫೈಟ್ ಆನೋಡ್. ಬೋರ್ಡನ್ನು ಕರಗಿಸಿ ಶಕ್ತಿ ಕುಂದಿದ ದ್ರಾವಣವನ್ನು ಕುಡಿಕೆಯೊಳಗೆ ಸುರಿದು ತಾಮ್ರ ಇಳಿಸಿಕೊಳ್ಳುವುದು, ತಾಮ್ರ ಬಿಟ್ಟ ದ್ರಾವಣವನ್ನು ಆನೋಡಿನ ಕಡೆಗೆ ಹಾಕಿ ಮತ್ತೆ ಫೆರಿಕ್ ಮಾಡುವುದು, ಹೀಗೆ ಕೈಯಲ್ಲೇ ಸುತ್ತಿಸಿದೆವು.

ಮೂರನೆಯ ದಿನ ಬೆಳಿಗ್ಗೆ ನೋಡಿದಾಗ ಕಂದು ಹಳದಿಯಾಗಿದ್ದ ದ್ರಾವಣ ತಿಳಿ ಹಸಿರು ನೀಲಿಗೆ ತಿರುಗಿತ್ತು. ಚಿನ್ನದ ಪಟ್ಟಿಗಳ ಅಂಚಿನಿಂದ ನಿಕ್ಕಲ್ ಮತ್ತು ತಾಮ್ರ ಕೆಳಗಿನಿಂದಲೇ ಕರಗಿ ಹೋಗಿ, ಚಿನ್ನ ಅಕ್ಕಿ ಕಾಳಿಗಿಂತ ಚಿಕ್ಕ ರೇಕುಗಳಾಗಿ ಬಿಡಿಸಿಕೊಂಡು, ಕಡ್ಡಿ ಆಡಿಸಿದರೆ ಮೇಲೆದ್ದು ಮಿನುಗಿ ಮತ್ತೆ ತಳಕ್ಕಿಳಿಯುತ್ತಿದ್ದವು. ಒಂದಿಷ್ಟೂ ಹೊಗೆಯಿರಲಿಲ್ಲ. ಅರ್ಧ ಆಂಪಿಯರಿನಲ್ಲಿ ಆರು ಗಂಟೆ ನಡೆಸಿದಾಗ ಲೆಕ್ಕದಂತೆ ಮೂರೂವರೆ ಗ್ರಾಂ ತಾಮ್ರ ಬರಬೇಕಿತ್ತು, ಬಂದದ್ದು 2.6 ಗ್ರಾಂ.

ನಿವೃತ್ತ ಎಂಜಿನಿಯರ್ ಅವರ ಮಾತನ್ನು ಒಪ್ಪುತ್ತೇನೆ. ಕೊನೆಗೆ ಉಳಿದ ಒಂದು ಲೀಟರ್ ದ್ರಾವಣಕ್ಕೆ ಸುಣ್ಣ ಹಾಕಿದಾಗ ಬಂದ ಕೆಸರನ್ನು ನೋಡಿ ನನಗೇ ಗಾಬರಿಯಾಯಿತು. ಮುಚ್ಚಳದ ಡಬ್ಬಿಯಲ್ಲಿ ಹೆಸರು ಬರೆದು ಇಟ್ಟಿದ್ದೇನೆ. ಟನ್‌ಗಟ್ಟಲೆ ಮಾಡಿದರೆ ಈ ಊರಿನಲ್ಲಿ ಇನ್ನೊಂದು ದಿಬ್ಬವೇ ಏಳುತ್ತದೆ. ಆದ್ದರಿಂದ ಘಟಕ ಇಲ್ಲಿ ಬೇಡ ಎಂಬ ತೀರ್ಮಾನಕ್ಕೆ ಬಂದಿದ್ದೇನೆ. ಬಿಡಿಸುವ, ವಿಂಗಡಿಸುವ ಕೆಲಸ ಇಲ್ಲಿಯೇ ಇರಲಿ, ಬೋರ್ಡುಗಳು ಇಡಿಯಾಗಿ ಪರವಾನಗಿ ಇರುವ ಕಂಪನಿಗೆ ಹೊರಡಲಿ. ಆದರೆ ಮಾರುವವನ ಕಣ್ಣೆದುರಿನಲ್ಲೇ ಮಾದರಿ ತೆಗೆದು, ಅದರ ಅರ್ಧವನ್ನು ಮೊಹರು ಮಾಡಿ ಅವನ ಕೈಗೇ ಕೊಡುವ ಕ್ರಮ ಬರಬೇಕು. ಗುಜರಿಯವರೇ, ಇದಕ್ಕೆ ನೀವು ಒಪ್ಪುವಿರಾ?

ಎಸ್‌ಪಿ ರಸ್ತೆ ಗುಜರಿ
ಅರ್ಧ ಮಾದರಿ ನನ್ನ ಕೈಗೆ ಬಂದು, ವಾರದೊಳಗೆ ಅರ್ಧ ಹಣ ಕೊಡುವುದಾದರೆ ನಾಳೆಯಿಂದಲೇ ಕೊಡುತ್ತೇನೆ. ನಮ್ಮ ಸಾಲಿನ ಇನ್ನು ನಾಲ್ಕು ಅಂಗಡಿಯವರನ್ನೂ ಕೇಳಿದ್ದೇನೆ, ಮೂವರು ಒಪ್ಪಿದ್ದಾರೆ.

ನಗರ್ತಪೇಟೆ ಅಕ್ಕಸಾಲಿ
ಮೇಷ್ಟ್ರೇ, ಆ ರೇಕುಗಳನ್ನು ಚೆನ್ನಾಗಿ ತೊಳೆದು ತನ್ನಿ. ಮೂಸೆಯಲ್ಲಿ ಕರಗಿಸಿ ಗುಂಡು ಮಾಡಿ, ಒರೆಗಲ್ಲಿಗೆ ಉಜ್ಜಿ ನೋಡಿ ಹೇಳುತ್ತೇನೆ. ಆ ಹುಡುಗನನ್ನೂ ಕರೆತನ್ನಿ.

ಲೋಹವಿದ್ಯಾರ್ಥಿನಿ
ಮೇಷ್ಟ್ರೇ, ಮಣ್ಣಿನ ಕುಡಿಕೆಯ ವಿಷಯ ಓದಿ ಬಹಳ ಸಂತೋಷವಾಯಿತು. ಕಡಿಮೆಯಾದ ತಾಮ್ರಕ್ಕೆ ಮುಖ್ಯ ಕಾರಣ, ಫೆರಿಕ್ ಕುಡಿಕೆಯ ಗೋಡೆಯ ಮೂಲಕ ನುಸುಳಿ ಕ್ಯಾಥೋಡಿನಲ್ಲಿ ವಿದ್ಯುತ್ತನ್ನು ತಾನೇ ತಿಂದಿರುವುದು. ಕುಡಿಕೆಯೊಳಗಿನ ಮಟ್ಟವನ್ನು ಹೊರಗಿನದಕ್ಕಿಂತ ಒಂದು ಬೆರಳು ಎತ್ತರ ಇಟ್ಟರೆ ಹರಿವು ಒಳಗಿನಿಂದ ಹೊರಕ್ಕೇ ಇರುತ್ತದೆ, ನುಸುಳುವಿಕೆ ತಗ್ಗುತ್ತದೆ. ಪಟ್ಟಿಯ ಮೇಲೆ ಕೂತ ತಾಮ್ರ ತಗಡಿನಂತೆ ನಯವಾಗಿತ್ತೇ, ಪುಡಿಪುಡಿಯಾಗಿತ್ತೇ?

ಕೆಜಿಎಫ್ ಮೇಷ್ಟ್ರು
ಮೊದಲ ನಾಲ್ಕು ಗಂಟೆ ನಯವಾಗಿತ್ತು, ತಾಮ್ರ ಕಡಿಮೆಯಾಗುತ್ತಾ ಬಂದಂತೆ ಕೊನೆಯಲ್ಲಿ ಕೆಂಪು ಪುಡಿಯಾಗಿ ಉದುರಿತು. ಮಟ್ಟವನ್ನು ಏರಿಸಿ ಸೋಮವಾರ ಮತ್ತೆ ಮಾಡುತ್ತೇವೆ. ತೂಕ ನೋಡುವ ಜವಾಬ್ದಾರಿಯನ್ನು ಆ ಹುಡುಗನಿಗೇ ವಹಿಸಿದ್ದೇನೆ. ಅವನು ಈಗ ಶೆಡ್ಡಿಗೆ ಹೋಗುತ್ತಿಲ್ಲ, ಬೆರಳಿನ ಹಳದಿ ಉಗುರಿನ ಸುತ್ತ ಮಾತ್ರ ಉಳಿದಿದೆ.